ಮೋಡ ಸರಿದ ಮರುದಿನದ ಬೆಳಗು: ಹವಾಮಾನ ತಜ್ಞರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಪುಣೆಯಲ್ಲಿ ಎರಡು ದಿನಗಳಿಂದ ಮೋಡ, ನಿನ್ನೆ ತುಂತುರು, ಇನ್ನು ಚಳಿ ಬೀಳುತ್ತದೆ ಎಂಬ ಸುದ್ದಿ. ನಮ್ಮ ಗುಂಪಿನವರೇ ಆದ, ಹವಾಮಾನ ಇಲಾಖೆಯಿಂದ ನಿವೃತ್ತರಾದ ತಜ್ಞರು ಇಂದು ಸಂಜೆ ಉತ್ತರಿಸುತ್ತಾರೆ.

ಕೊಥರೂಡಿನ ಸದಸ್ಯೆ: ನಮಸ್ಕಾರ ಸರ್. ‘ನಾಳೆಯಿಂದ ಭೂಮಿ ಸೂರ್ಯನಿಂದ ದೂರ ಸರಿಯುತ್ತದೆ, ಹಿಂದೆಂದೂ ಕಾಣದ ಚಳಿ ಬರುತ್ತದೆ’ ಎಂಬ ಸಂದೇಶ ಬಂದಿದೆ. ನಿಜವೇ?

ತಜ್ಞರು: ಸುಳ್ಳು. ಭೂಮಿ ಸೂರ್ಯನಿಂದ ಅತಿ ದೂರವಿರುವುದು ಜುಲೈ ಆರಂಭದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಅತಿ ಹತ್ತಿರ ಬರುವುದು ಜನವರಿ ಆರಂಭದಲ್ಲಿ, ಸುಮಾರು 14.7 ಕೋಟಿ. ಚಳಿಗೂ ಈ ದೂರಕ್ಕೂ ಸಂಬಂಧವಿಲ್ಲ.

ಸಿಂಹಗಡ ರಸ್ತೆಯ ಸದಸ್ಯ: ಸರ್, ವಿಜಯಪುರದ ತಿಕೋಟಾ ಬಳಿ ನಮ್ಮ ಅಣ್ಣನ ದ್ರಾಕ್ಷಿ ತೋಟವಿದೆ. ಚಾಟ್ನಿ ಮಾಡಿ, ಅಂದರೆ ಬಳ್ಳಿ ಸವರಿ 38 ದಿನವಾಯಿತು, ಹೂ ಬಂದಿದೆ. ಶೀತ ವಾಯುಮುಖ, ಅಂದರೆ ತಂಪು ಗಾಳಿಯ ಮುಂಚೂಣಿ ಬರುತ್ತಿದೆ ಎಂದು ಅಲ್ಲೆಲ್ಲ ಮಾತು. ನಿನ್ನೆ ನಾಲ್ಕು ಹನಿ ಬಿದ್ದಿದೆ. ಮೋಡ ಸರಿದರೆ ಗಂಡಾಂತರ ಕಳೆಯಿತು ಎನ್ನುತ್ತಾನೆ. ಔಷಧದ ಪ್ರಮಾಣವನ್ನು ಎರಡು ಪಟ್ಟು ಮಾಡಿ ಹೊಡೆಯಿರಿ ಎಂಬ ಸಂದೇಶವೂ ಅವನಿಗೆ ಬಂದಿದೆ.

ತಜ್ಞರು: ಅಣ್ಣನವರಿಗೆ ಈಗಲೇ ಫೋನ್ ಮಾಡಿ. ಗಂಡಾಂತರ ಕಳೆದಿಲ್ಲ.

ನಕ್ಷೆಯಲ್ಲಿ ಗೆರೆ ಎಳೆದು ತೋರಿಸಬಹುದಾದ ವಾಯುಮುಖ ನಮ್ಮ ಬಯಲುಸೀಮೆಯವರೆಗೆ ಹಾಗೆಯೇ ಬರುವುದಿಲ್ಲ. ಕಾಶ್ಮೀರ, ಹಿಮಾಚಲದ ಮೇಲೆ ಪಶ್ಚಿಮದ ಪ್ರಕ್ಷುಬ್ಧತೆ, ಅಂದರೆ ಪಶ್ಚಿಮದಿಂದ ಮಳೆ, ಹಿಮ ಹೊತ್ತು ಬರುವ ವಾಯುಮಂಡಲದ ಸುಳಿ ಹಾದುಹೋಗುತ್ತದೆ. ಅದರ ಬೆನ್ನಿಗೆ ಬರುವ ಒಣ ತಂಪು ಗಾಳಿ ದಕ್ಷಿಣಕ್ಕೆ ಇಳಿಯುತ್ತದೆ. ಈ ತಿಂಗಳುಗಳಲ್ಲಿ ಬಂಗಾಳ ಕೊಲ್ಲಿಯಿಂದ ತೇವದ ಮೂಡಣ ಗಾಳಿಯೂ ನಮ್ಮ ಕಡೆ ಬೀಸುತ್ತಿರುತ್ತದೆ. ಇವೆರಡೂ ಸಂಧಿಸಿದಲ್ಲಿ ಮೋಡ, ಗುಡುಗು, ಕೆಲವೊಮ್ಮೆ ಆಲಿಕಲ್ಲು. ಸಹ್ಯಾದ್ರಿಯ ಮಳೆನೆರಳಿನ ಸೀಮೆಗೆ ಇಂಥ ಮಳೆ ಅಪರೂಪ, ಆದ್ದರಿಂದಲೇ ರೈತ ಸಿದ್ಧನಿರುವುದಿಲ್ಲ.

ಮೋಡವಿರುವಾಗ ನೆಲ ಬಿಟ್ಟ ಶಾಖ ಮರಳಿ ನೆಲಕ್ಕೇ ಬರುತ್ತದೆ, ರಾತ್ರಿ ಬೆಚ್ಚಗಿರುತ್ತದೆ. ಮೋಡ ಸರಿದ ಮೊದಲ ರಾತ್ರಿಯನ್ನು ನೋಡಿ: ಆಕಾಶ ತಿಳಿ, ಗಾಳಿ ಸ್ತಬ್ಧ, ನೆಲದಲ್ಲಿ ಇನ್ನೂ ತೇವ. ನೆಲ ಬೇಗನೆ ತಣಿದು ಇಬ್ಬನಿ ಸುರಿಯುತ್ತದೆ. ಒಂದು ಹನಿ ಮಳೆಯಿಲ್ಲದೆಯೇ ಎಲೆ, ಹೂಗೊಂಚಲು ಗಂಟೆಗಟ್ಟಲೆ ನೆನೆದಿರುತ್ತವೆ. ದ್ರಾಕ್ಷಿಯ ಎಲೆ, ಹೂಗಳಿಗೆ ಬೂಜಿನಂತೆ ಹತ್ತುವ ಡೌನಿ ರೋಗಕ್ಕೆ ಬೇಕಾದದ್ದು ಈ ನೆನೆದ ಗಂಟೆಗಳೇ. ಮಳೆಮಾಪಕ ಸೊನ್ನೆ ತೋರಿಸುತ್ತದೆ, ತೋಟ ಹೋಗಿರುತ್ತದೆ. ಉತ್ತರದ ಒಣ ಗಾಳಿ ಗಟ್ಟಿಯಾಗಿ ಬೀಸತೊಡಗಿದ ಮೇಲೆ ಇಬ್ಬನಿ ತಗ್ಗುತ್ತದೆ.

ಎರಡು ಪಟ್ಟು ಔಷಧ ಬೇಡವೇ ಬೇಡ, ಹೂವೇ ಸುಟ್ಟುಹೋಗಬಹುದು. ಯಾವ ಔಷಧ, ಎಷ್ಟು ಎಂಬುದನ್ನು ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಲಿ. ಪುಣೆಯ ಮುನ್ಸೂಚನೆ ತಿಕೋಟಾಕ್ಕೆ ಸಲ್ಲದು. ಬೆಂಗಳೂರಿನ ಹವಾಮಾನ ಕೇಂದ್ರದ್ದನ್ನು ನೋಡಿ.

ಔಂಧ್‌ನ ಸದಸ್ಯ: ಸರ್, ಭೂಮಿ ಸೂರ್ಯನಿಂದ ದೂರ ಹೋಗುವುದರಿಂದಲೇ ಈ ಚಳಿಯಂತೆ?

ತಜ್ಞರು: ಮೇಲೆ ಉತ್ತರಿಸಿದ್ದೇನೆ.

ವಾಕಡ್‌ನ ಸದಸ್ಯೆ: ಡಿಸೆಂಬರ್ ಮೊದಲ ವಾರ ಬಯಲಿನಲ್ಲಿ ತಂಗಿಯ ಮದುವೆ. ಚಪ್ಪರಕ್ಕೆ ಮೇಲುಹೊದಿಕೆ ಬೇಕೇ ರಾಯರೇ?

ಮಗರಪಟ್ಟಾದ ಸದಸ್ಯ: ಪುಣೆಯ ಪಾಷಾಣ್ ಬಡಾವಣೆಯ ಗೆಳೆಯ ನಡುಗುತ್ತಾನೆ, ನಮ್ಮಲ್ಲಿ ಫ್ಯಾನ್ ತಿರುಗುತ್ತಿದೆ. ಮಾಪಕಗಳು ಸರಿಯಿವೆಯೇ?

ತಜ್ಞರು: ಸರಿಯಿವೆ. ಪಾಷಾಣ್‌ನಲ್ಲಿ ಗುಡ್ಡ, ಮರ, ತೆರೆದ ನೆಲ, ನಿಮ್ಮಲ್ಲಿ ಕಾಂಕ್ರೀಟು. ಕನಿಷ್ಠ ತಾಪಮಾನದಲ್ಲಿ ಕೆಲವು ಡಿಗ್ರಿ ವ್ಯತ್ಯಾಸ ಸಹಜ.

ಧಾರವಾಡ ಮೂಲದ ಸದಸ್ಯ: ಪುಣೆಯದ್ದು ಒಂದು ಚಳಿಯೇ? ನಮ್ಮೂರಿಗೆ ಬನ್ನಿ.

ಕೊಥರೂಡಿನ ಸದಸ್ಯೆ: 1935ರ ಜನವರಿ 17ರಂದು ಪುಣೆಯಲ್ಲಿ 1.7 ಡಿಗ್ರಿ ಇತ್ತು. ಇಲ್ಲಿಯೇ ಅನ್ನ ತಿನ್ನುತ್ತಾ ಊರನ್ನು ಹಳಿಯಬೇಡಿ.

ಧಾರವಾಡ ಮೂಲದ ಸದಸ್ಯ: ಹಳಿದವರು ಯಾರು? ನಿಮಗೆ ಎಲ್ಲದರಲ್ಲೂ ಜಗಳವೇ ಕಾಣುತ್ತದೆ.

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಚಿಂಚವಡದ ಸದಸ್ಯ: ಎಲ್ಲರಿಗೂ ಉಪಯೋಗವಾಗಲೆಂದು ಕಳುಹಿಸುತ್ತಿದ್ದೇನೆ. ‘ರಾತ್ರಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು ಕರ್ಪೂರ, ಅಜವಾನ ಹಾಕಿ ಮಲಗಿ. ಚಳಿ, ಕಫ ಎರಡೂ ಮಾಯ.’

ತಜ್ಞರು: ಇದನ್ನು ಕೂಡಲೇ ಅಳಿಸಿ. ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ಚಿಂಚವಡದ ಸದಸ್ಯ: ನಮ್ಮ ಅಜ್ಜಿ ಬಾಣಂತಿಯರ ಕೋಣೆಯಲ್ಲಿ ಕೆಂಡ ಇಡುತ್ತಿದ್ದರು. ಯಾರೂ ಸಾಯಲಿಲ್ಲ.

ತಜ್ಞರು: ಅಜ್ಜಿಯದು ಹಂಚಿನ ಮನೆ, ಸಂದಿ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ನಿಮ್ಮದು ಗಾಜಿನ ಕಿಟಕಿಯ ಫ್ಲ್ಯಾಟು. ಕೆಂಡ ಮನೆಯೊಳಗೆ ಬೇಡ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಔಂಧ್‌ನ ಸದಸ್ಯ: ಹಿರಿಯರ ಪದ್ಧತಿ ಎಂದರೆ ತಜ್ಞರಿಗೆ ಏಕೆ ಇಷ್ಟು ಸಿಟ್ಟು?

ತಜ್ಞರು: ಈ ಸಂದೇಶ ಇಂದು ರಾತ್ರಿ ಎಷ್ಟು ಮನೆಗಳಿಗೆ ಹೋಗುತ್ತದೋ ಎಂದು ಹೆದರಿಕೆ, ಅದಕ್ಕೆ.

ನಿರ್ವಾಹಕರು: ಸಂದೇಶ ಅಳಿಸಿದ್ದೇನೆ.

ಡೊಂಬಿವಲಿಯ ಸದಸ್ಯ: ಮುಂಬಯಿಯಲ್ಲಿ 15 ಡಿಗ್ರಿಗೆ ಇಳಿದರೂ ಶೀತ ಅಲೆ ಎನ್ನುತ್ತಾರಂತೆ?

ತಜ್ಞರು: ಕರಾವಳಿಗೆ ಅಳತೆ ಬೇರೆ. ಕನಿಷ್ಠ 15 ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಇಳಿದಿರಬೇಕು. ಬಯಲಿಗೆ ಆ ಮಿತಿ 10.

ವಾಕಡ್‌ನ ಸದಸ್ಯೆ: ಚಪ್ಪರದ ಬಗ್ಗೆ ಕೇಳಿದ್ದೆ. ಉತ್ತರ ಬರಲೇ ಇಲ್ಲ.

ಸಿಂಹಗಡ ರಸ್ತೆಯ ಸದಸ್ಯ: ಸರ್, ಅಣ್ಣ ನಾಳೆ ಬೆಳಗ್ಗೆ ಐದಕ್ಕೇ ತೋಟಕ್ಕೆ ಹೋಗಿ ಎಲೆ ಮುಟ್ಟಿ ನೋಡುತ್ತಾನಂತೆ.

ತಜ್ಞರು: ಒಳ್ಳೆಯದು. ಏಳಕ್ಕೂ ಒಂಬತ್ತಕ್ಕೂ ನೋಡಲಿ, ಎಲೆ ಒಣಗಿದ ಹೊತ್ತನ್ನು ಬರೆದಿಡಲಿ. ನನಗೆ ನೇರವಾಗಿ ಕಳುಹಿಸಿ, ಗುಂಪಿನಲ್ಲಿ ಬೇಡ.