ಹಳೇ ಮ್ಯಾಟಡೋರ್‌ನ ಮನೆಯಲ್ಲೇ ಕ್ಯಾಂಪರ್ ಮಾಡೋದು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ (ನಿಗಡಿಯಿಂದ)

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಈಗ ಇರೋದು ಪುಣೆಯ ನಿಗಡಿಯಲ್ಲಿ. ನಮ್ಮ ಮಾವನವರದ್ದು ಒಂದು ಟೆಂಪೊ ಮ್ಯಾಟಡೋರ್ ವ್ಯಾನ್ ಇದೆ. 1988ರ ಮಾಡೆಲ್, ಡೀಸೆಲ್, ಬಿಳಿ ನಂಬರ್ ಪ್ಲೇಟ್. ತಳೇಗಾವದ ಪ್ಲಾಟಿನಲ್ಲಿ ತಾಡಪತ್ರೆ ಹೊದಿಸಿ ನಿಲ್ಲಿಸಿದ್ದರು. ಎಷ್ಟೋ ಮಳೆಗಾಲ ಹಾಗೇ ನಿಂತಿದೆ. ಈಗ "ನೀನೇ ಏನಾದರೂ ಮಾಡ್ಕೋಪ್ಪಾ" ಅಂತ ಕೀಲಿ ಕೊಟ್ಟರು.

ಹಿಂದೆ ಮಲಗೋಕೆ ಜಾಗ, ಸಣ್ಣ ಅಡುಗೆ ಕಟ್ಟೆ, ಒಂದು ಫ್ಯಾನು. ಇಷ್ಟು ಮಾಡಿ ಕ್ಯಾಂಪರ್ ಆಗಿಸಿಕೊಂಡು ಹೆಂಡತಿ ಮಕ್ಕಳ ಜೊತೆ ಗೋವಾ, ಗೋಕರ್ಣ ಕಡೆ ಹೋಗಿ ಬರಬೇಕು ಅಂತ ಆಸೆ. ಬಡಿಗೇರರು ಬಂದು ಅಳತೆ ತಗೊಂಡು ಹೋಗಿದ್ದಾರೆ. ಒಬ್ಬ ಮೆಕ್ಯಾನಿಕ್ ಗಾಡಿ ನೋಡದೇ "ಎಂಜಿನ್ನೇ ಬದಲಿಸಿಬಿಡಿ" ಅಂದರು. ಭೋಸರಿಯಲ್ಲಿ ಗ್ಯಾರೇಜ್ ನಡೆಸುವ ಅಣ್ಣಾ, ನೀವು ಸ್ವಲ್ಪ ದಾರಿ ತೋರಿಸಿ. ಮನೆಯಲ್ಲಿ ನಾನೇ ಎಷ್ಟು ಮಾಡಬಹುದು?

ಉತ್ತರ (ಭೋಸರಿ ಗ್ಯಾರೇಜ್)

ಸರ್, ಮೊದಲು ಬಡಿಗೇರರಿಗೆ ಫೋನ್ ಮಾಡಿ, ಸದ್ಯಕ್ಕೆ ಬರಬೇಡಿ ಅಂತ ಹೇಳಿಬಿಡಿ. ಮರದ ಕೆಲಸ ಎಲ್ಲಕ್ಕಿಂತ ಕೊನೆಗೆ. ನನ್ನ ಹತ್ತಿರ ಬರುವ ಕ್ಯಾಂಪರ್‌ಗಳಲ್ಲಿ ಅರ್ಧಕ್ಕರ್ಧ ಇದೇ ಕಥೆ. ಒಳಗೆ ಹೊಸ ಪ್ಲೈವುಡ್, ಚಂದದ ಲೈಟು. ಪ್ಲೈವುಡ್ ಬಿಚ್ಚಿದರೆ ಕೆಳಗೆ ತಗಡೇ ಇಲ್ಲ.

ನಿಮ್ಮದು ಇಲ್ಲೇ ಆಕುರ್ಡಿಯಲ್ಲಿ ಹುಟ್ಟಿದ ಗಾಡಿ. ಬಜಾಜ್ ಟೆಂಪೊದವರು ಜರ್ಮನಿಯ ಡಿಸೈನ್ ತಂದು ಮಾಡಿದ್ದು. ಅಲ್ಲಿ ಇದೇ ವಂಶದ ವ್ಯಾನುಗಳು ಹಾನೊಮಾಗ್ ಹೆಸರಲ್ಲಿ, ಆಮೇಲೆ ಮರ್ಸಿಡಿಸ್ ಎಲ್ 206 ಡಿ, ಎಲ್ 306 ಡಿ ಅಂತ ಬಂದವು. ಅವನ್ನ ಜನ ಕ್ಯಾಂಪರ್ ಮಾಡಿಕೊಂಡು ಇವತ್ತಿಗೂ ಓಡಿಸ್ತಾರೆ. ಆ ಹೆಸರುಗಳಲ್ಲಿ ಫೋಟೊ ಹುಡುಕಿ ನೋಡಿ, ಒಳಗಿನ ಜಾಗ ಹೇಗೆ ಬಳಸಿದ್ದಾರೆ ಅಂತ ಗೊತ್ತಾಗುತ್ತೆ. ಈ ಗಾಡಿ ಮುಂದಿನ ಚಕ್ರದಿಂದ ಎಳೆಯುತ್ತೆ, ಹಿಂದಿನ ಚಕ್ರ ತಿರುಗಿಸೋ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇಲ್ಲ. ಅದಕ್ಕೇ ಹಿಂದಿನ ನೆಲ ತಗ್ಗಾಗಿ, ಸಪಾಟಾಗಿ ಇದೆ. ಕ್ಯಾಂಪರ್‌ಗೆ ಇದಕ್ಕಿಂತ ಒಳ್ಳೇ ನೆಲ ಬೇಕಾ?

ಎಂಜಿನ್ ಮಾತು. ಮೇಲಿನ ಪ್ಲೇಟ್ ಒರೆಸಿ ನೋಡಿ. ಓಎಂ 616 ಅಂತ ಇದ್ದರೆ ನಿಶ್ಚಿಂತೆಯಾಗಿರಿ. ಅದೇ ಮರ್ಸಿಡಿಸ್ ಮೂಲದ ಎಂಜಿನ್ ಅದೇ ಕಂಪನಿಯ ಗಾಡಿಗಳಾದ ಟ್ರಾವೆಲರ್‌ಗೂ ಟ್ರ್ಯಾಕ್ಸ್‌ಗೂ ಬಂದಿತ್ತು. ಗ್ಯಾಸ್ಕೆಟ್, ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಎಂಜಿನ್ ಒಳಗೆ ಬಿಸಿ ಮಾಡೋದು), ಫಿಲ್ಟರ್ ಎಲ್ಲಾ ಸಿಗುತ್ತೆ, ರಿಪೇರಿ ಬಲ್ಲವರೂ ಇದ್ದಾರೆ. ನೋಡದೇ ಬದಲಿಸಿ ಅನ್ನೋರನ್ನ ದೂರ ಇಡಿ. ಈ ಗಾಡಿಯಲ್ಲಿ ಎಂಜಿನ್ ಸುಲಭ, ತಗಡು ಕಷ್ಟ. ದುಡ್ಡೂ ಅದೇ ಲೆಕ್ಕದಲ್ಲಿ ತೆಗೆದಿಡಿ.

ಮೊದಲ ಕೆಲಸ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕೋದು. ಇದನ್ನ ನೀವು ಮನೆಯಲ್ಲೇ ಮಾಡಬಹುದು. ಒಳಗಿನ ರಬ್ಬರ್ ಮ್ಯಾಟ್, ರೆಕ್ಸಿನ್, ಹಾರ್ಡ್‌ಬೋರ್ಡ್ ಎಲ್ಲಾ ತೆಗೆಯಿರಿ. ಒಬ್ಬರು ಟಾರ್ಚು, ಸೀಮೆಸುಣ್ಣ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ಕೆಳಗಿಂದ ಮೇಲಕ್ಕೆ ಬನ್ನಿ: ಮೊದಲು ಬಾಗಿಲ ಕೆಳಭಾಗ, ಆಮೇಲೆ ಮುಂದಿನ ಗ್ಲಾಸಿನ ಕೆಳಗಿನ ರಬ್ಬರ್, ಪಕ್ಕದ ಕಿಟಕಿಗಳು, ಕೊನೆಗೆ ಛಾವಣಿ ಅಂಚಿನ ನೀರಿನ ಗಟರ್. ಒಂದೊಂದು ಕಡೆ ಹತ್ತು ನಿಮಿಷ ನಿಲ್ಲಿ. ಮೊದಲೇ ಮೇಲಿಂದ ಸುರಿದರೆ ಎಲ್ಲಾ ಒಟ್ಟಿಗೆ ಒದ್ದೆಯಾಗಿ ಏನೂ ಗೊತ್ತಾಗಲ್ಲ. ಒಳಗಿನವರು ಹನಿ ಕಂಡಲ್ಲಿ ಗುರುತು ಹಾಕಲಿ.

ಆಮೇಲೆ ಒಂದು ತಂತಿ ತಗೊಂಡು ಬಾಗಿಲುಗಳ ಅಡಿಗೆ ಹೋಗಿ. ಪ್ರತಿ ಬಾಗಿಲ ಕೆಳಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ, ಒಳಗೆ ಇಳಿದ ನೀರು ಹೊರಗೆ ಹೋಗೋಕೆ. ಅವು ಮಣ್ಣು ಕಟ್ಟಿಕೊಂಡು ಮುಚ್ಚಿರುತ್ತವೆ. ತಂತಿ ಹಾಕಿ ಬಿಡಿಸಿದರೆ ಕೆಲವು ಗಾಡಿಗಳಲ್ಲಿ ಲೋಟಗಟ್ಟಲೆ ಕೆಂಪು ನೀರು ಬರುತ್ತೆ. ಬಾಗಿಲು ಕೊಳೆಯೋದು ಅದರಿಂದಲೇ.

ತುಕ್ಕು ಎಷ್ಟಿದೆ ಅಂತ ನೋಡೋಕೆ ಹಳೇ ಸ್ಕ್ರೂಡ್ರೈವರ್ ಸಾಕು. ಫುಟ್‌ಬೋರ್ಡ್, ಚಕ್ರದ ಕಮಾನು, ಬ್ಯಾಟರಿ ಕೂರುವ ಜಾಗ, ಡ್ರೈವರ್ ಕಾಲಡಿ, ಗ್ಲಾಸ್ ರಬ್ಬರಿನ ಕೆಳಗೆ ಒತ್ತಿ ನೋಡಿ. ಟಣ್ ಅಂದರೆ ತಗಡು. ಒಳಗೆ ಹೋದರೆ ಕತ್ತರಿಸಬೇಕು. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಹೊರಗಿನ ಬಾಡಿ ಮೇಲೆ ಆಡಿಸಿ. ಎಲ್ಲಿ ಹಿಡಿಯಲ್ಲವೋ ಅಲ್ಲಿ ಯಾರೋ ಹಿಂದೆ ಪುಟ್ಟಿ ತುಂಬಿದ್ದಾರೆ.

ಗುಂಪಿನ ಸದಸ್ಯರು (ಚಿಂಚವಡದಿಂದ)

ಅಣ್ಣಾ, ಇಷ್ಟೆಲ್ಲಾ ಯಾಕೆ? ತೂತಿಗೆ ಪುಟ್ಟಿ ಹಾಕಿ, ಅಡಿಗೆ ಕಪ್ಪು ಆಂಟಿರಸ್ಟ್ ಕೋಟಿಂಗ್ ಹೊಡೆಸಿದರೆ ಮುಗೀತಲ್ವಾ? ನಾನು ಓಮ್ನಿಗೆ ಹಾಗೇ ಮಾಡಿಸಿದ್ದೇನೆ.

ಉತ್ತರ

ಎರಡು ಮಳೆಗಾಲ ಚಂದ ಕಾಣುತ್ತೆ ಸರ್. ತುಕ್ಕಿನ ಮೇಲೆ ಕೋಟಿಂಗ್ ಹೊಡೆಯೋದು ಕೀವಾದ ಗಾಯಕ್ಕೆ ಹಾಗೇ ಪಟ್ಟಿ ಕಟ್ಟಿದ ಹಾಗೆ. ತೇವ ಒಳಗೇ ಸಿಕ್ಕಿಹಾಕಿಕೊಂಡು ತಗಡು ತಿನ್ನುತ್ತೆ, ನಿಮಗೆ ಕಾಣೋದೂ ಇಲ್ಲ. ಪುಟ್ಟಿ ಇರೋದು ಡೆಂಟ್ ಸಮ ಮಾಡೋಕೆ, ತೂತು ಮುಚ್ಚೋಕೆ ಅಲ್ಲ. ಅದು ನೀರು ಹೀರುತ್ತೆ.

ಮೇಲ್ಮೈ ತುಕ್ಕು ಮಾತ್ರ ಇದ್ದರೆ ಗ್ರೈಂಡರ್‌ಗೆ ತಂತಿ ಬ್ರಶ್ ಹಾಕಿ ಉಜ್ಜಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಆ ತಂತಿಗಳು ಹಾರುತ್ತವೆ. ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ಕಪ್ಪಾದ ಮೇಲೆ ಡಬ್ಬಿಯಲ್ಲಿ ಬರೆದ ಹಾಗೆ ಒರೆಸಿ ಪೂರ್ತಿ ಒಣಗಲು ಬಿಡಿ. ಮೇಲೆ ಎಪಾಕ್ಸಿ ಪ್ರೈಮರ್. ಜೋಡಣೆಗಳಿಗೆ ಸೀಮ್ ಸೀಲರ್. ಆಮೇಲೆ ಬೇಕಾದರೆ ನಿಮ್ಮ ಕಪ್ಪು ಕೋಟಿಂಗ್.

ತೂತು ಬಿದ್ದ ಜಾಗವನ್ನ ಒಳ್ಳೇ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ನೆಲಕ್ಕಾದರೆ ನಾನು 18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಹಾಕ್ತೇನೆ, ಅಂದರೆ ಸುಮಾರು 1.2 ಮಿ.ಮೀ. ದಪ್ಪ. ವೆಲ್ಡಿಂಗ್ ಸಿಒ2 ಮಷಿನ್ನಿನಲ್ಲೇ ಆಗಬೇಕು. ಗೇಟು ಗ್ರಿಲ್ ಮಾಡುವವರ ರಾಡ್ ವೆಲ್ಡಿಂಗ್ ತೆಳು ತಗಡನ್ನ ಸುಟ್ಟು ತೂತು ದೊಡ್ಡದು ಮಾಡುತ್ತೆ. ಒಂದೇ ಗೆರೆ ಎಳೆಯಬಾರದು. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಹಾಕುತ್ತಾ ಹೋಗಬೇಕು, ಇಲ್ಲದಿದ್ದರೆ ತಗಡು ಸೊಟ್ಟಗಾಗುತ್ತೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಎರಡೂ ಟರ್ಮಿನಲ್ ಬಿಚ್ಚಿ, ಆಲ್ಟರ್ನೇಟರ್ ವೈರ್ ಬಿಚ್ಚಿ. ಈ ಕೆಲಸ ಸೊಸೈಟಿ ಪಾರ್ಕಿಂಗಿನಲ್ಲಿ ಬೇಡ. ಗ್ಯಾರೇಜಿಗೇ ತನ್ನಿ, ನನ್ನ ಹತ್ತಿರವೇ ಆಗಬೇಕು ಅಂತಿಲ್ಲ.

ಮರುಪ್ರಶ್ನೆ (ನಿಗಡಿಯಿಂದ)

ತುಂಬಾ ಥ್ಯಾಂಕ್ಸ್ ಅಣ್ಣಾ. ಪ್ಲೇಟ್ ನೋಡಿದೆ, 616 ಅಂತಲೇ ಇದೆ. ಹೊಸ ಬ್ಯಾಟರಿ ಹಾಕಿ ಒಂದು ಸಲ ಸ್ಟಾರ್ಟ್ ಮಾಡಿ ನೋಡಲೇ? ಮಗ ಹಠ ಹಿಡಿದಿದ್ದಾನೆ.

ಉತ್ತರ

ಬೇಡ! ಕೀಲಿ ಜೇಬಿನಲ್ಲೇ ಇರಲಿ.

ಟ್ಯಾಂಕಿನ ಡೀಸೆಲ್ ಪೂರ್ತಿ ಇಳಿಸಿ. ಒಂದಷ್ಟನ್ನ ಗಾಜಿನ ಬಾಟಲಿಯಲ್ಲಿ ತುಂಬಿ ರಾತ್ರಿ ಇಡಿ. ಬೆಳಗ್ಗೆ ತಳದಲ್ಲಿ ನೀರು ಕಾಣುತ್ತೆ. ನೀರು, ಡೀಸೆಲ್ ಸೇರುವಲ್ಲಿ ಕಪ್ಪು ಲೋಳೆ ಇದ್ದರೆ ಟ್ಯಾಂಕ್ ಕೆಳಗಿಳಿಸಿ ತೊಳೆಯಲೇಬೇಕು. ಆ ಲೋಳೆ ಪಂಪಿಗೆ ಹೋದರೆ ನಿಮ್ಮ ಖರ್ಚು ಎಲ್ಲೋ ಹೋಗುತ್ತೆ. ರಬ್ಬರ್ ಡೀಸೆಲ್ ಪೈಪುಗಳು, ಫಿಲ್ಟರ್ ಎಲ್ಲಾ ಹೊಸದು ಹಾಕಿ.

ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಹಾಲು ಬೆರೆಸಿದ ಬಣ್ಣ ಇದ್ದರೆ ನೀರು ಸೇರಿದೆ, ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ. ಸರಿ ಇದ್ದರೆ ಆಯಿಲ್, ಫಿಲ್ಟರ್ ಬದಲಿಸಿ. ನಾಲ್ಕೂ ಗ್ಲೋ ಪ್ಲಗ್ ಬಿಚ್ಚಿ, ಪ್ರತಿ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಡಿ. ಒಂದು ರಾತ್ರಿ ಬಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಪುಲ್ಲಿಯ ದೊಡ್ಡ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು. ಗಟ್ಟಿಯಾಗಿ ನಿಂತರೆ ಜೋರು ಮಾಡಬೇಡಿ.

ಸರಾಗವಾಗಿ ತಿರುಗಿದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿಸಿ. ಡೀಸೆಲ್ ಗೇಜೇ ಬೇಕು, ಪೆಟ್ರೋಲ್ ಗಾಡಿಯದ್ದು ತಡೆಯಲ್ಲ. ನಾಲ್ಕು ಸಿಲಿಂಡರ್‌ಗಳ ನಡುವೆ 3 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ಸಂದು) ಎಂಜಿನ್ ತಣ್ಣಗಿದ್ದಾಗ ಇನ್‌ಲೆಟ್ 0.10, ಎಕ್ಸಾಸ್ಟ್ 0.30 ಮಿ.ಮೀ. ಎಷ್ಟೋ ಸಲ ಇದೊಂದು ಸರಿ ಮಾಡಿದರೆ "ಸತ್ತ" ಎಂಜಿನ್ ಎದ್ದು ಕೂರುತ್ತೆ.

ಇನ್ನೊಂದು ಮುಖ್ಯ ವಿಷಯ. ಬಹಳ ದಿನ ನಿಂತ ಡೀಸೆಲ್ ಪಂಪಿನ ರ್ಯಾಕ್ (ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು ಅಂತ ನಿಯಂತ್ರಿಸುವ ಕಡ್ಡಿ) ಒಳಗೆ ಅಂಟಿಕೊಂಡಿರಬಹುದು. ಹಾಗಾದರೆ ಸ್ಟಾರ್ಟ್ ಆದ ಕೂಡಲೇ ಎಂಜಿನ್ ಹುಚ್ಚೆದ್ದು ಕೂಗುತ್ತೆ, ಕೀಲಿ ತಿರುಗಿಸಿದರೂ ನಿಲ್ಲಲ್ಲ. ಮೊದಲ ಸ್ಟಾರ್ಟಿಗೆ ಏರ್ ಫಿಲ್ಟರ್ ತೆಗೆದಿಟ್ಟು, ಗಾಳಿ ಒಳಗೆ ಹೋಗುವ ಬಾಯಿ ಪೂರ್ತಿ ಮುಚ್ಚುವಂಥ ಗಟ್ಟಿ ಹಲಗೆ ತುಂಡು ಹಿಡಿದು ಒಬ್ಬರು ನಿಂತಿರಲಿ. ಕೈ ಅಡ್ಡ ಇಡೋದು ಖಂಡಿತಾ ಬೇಡ. ಮಗನನ್ನ ಆ ದಿನ ದೂರ ನಿಲ್ಲಿಸಿ, ಎರಡನೇ ಸ್ಟಾರ್ಟ್ ಅವನೇ ಮಾಡಲಿ.

ಎಂಜಿನ್ ಎದ್ದರೂ ರಸ್ತೆಗೆ ಇಳಿಸಬೇಡಿ, ಬ್ರೇಕ್ ಇನ್ನೂ ಬಾಕಿ ಇದೆ. ವೀಲ್ ಸಿಲಿಂಡರ್ ಕಿಟ್, ಬ್ರೇಕ್ ಹೋಸ್, ಆಯಿಲ್ ಎಲ್ಲಾ ಹೊಸದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಘಾಟಿನಲ್ಲಿ ಬಿಸಿಯಾದಾಗ ಆ ನೀರು ಆವಿಯಾಗಿ ಪೆಡಲ್ ಸೀದಾ ನೆಲ ಮುಟ್ಟುತ್ತೆ. ಗೋಕರ್ಣಕ್ಕೆ ಯಾವ ದಾರಿ ಹಿಡಿದರೂ ಘಾಟ್ ಇಳಿಯಲೇಬೇಕಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2316 ಅಂದರೆ 2016ರ 23ನೇ ವಾರದ್ದು. ಅಷ್ಟು ಹಳೇದಾದರೆ ಟೈರಿನ ಗ್ರಿಪ್ ಎಷ್ಟಿದ್ದರೂ ತೆಗೆದುಹಾಕಿ. ಗಾಡಿ ಅಡಿಗೆ ಹೋಗುವಾಗ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ಗುಂಪಿನ ಸದಸ್ಯರು (ಕೋಥರೂಡದಿಂದ)

ಅಣ್ಣಾರೇ, ಕಾಗದಪತ್ರದ ವಿಷಯ ಏನು? 50 ವರ್ಷ ಆದ ಗಾಡಿಗೆ ವಿಂಟೇಜ್ ನಂಬರ್ ಸಿಗುತ್ತಂತೆ. ಕಾದರೆ ಒಳ್ಳೇದಾ? ಹಾಗೇ ಒಳಗೆ ಶಾಖ ತಡೆಯೋಕೆ ಏನು ಹಾಕಬೇಕು ಅದನ್ನೂ ಹೇಳಿ, ನಮ್ಮದೂ ಒಂದು ವ್ಯಾನ್ ಪ್ಲಾನ್ ಇದೆ.

ಉತ್ತರ

ಅಕ್ಕಾ, ವಿಂಟೇಜ್ ನಂಬರ್ ನಮಗೆ ಉಪಯೋಗ ಇಲ್ಲ. 2021ರ ನಿಯಮದ ಪ್ರಕಾರ ಬಾಡಿ, ಛಾಸಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್ಯಾಲಿಗೆ ಸರಿ.

ನಿಗಡಿ ಸರ್‌ಗೆ ಬೇಕಾಗಿರೋದು ಆರ್‌ಸಿ ನವೀಕರಣ. ಖಾಸಗಿ ಗಾಡಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷ. 1988ರದ್ದಾದರೆ 2003, 2008 ಹೀಗೆ 2023ರವರೆಗೆ ಆಗಿರಬೇಕು. ಮೂರಕ್ಷರದ ಹಳೇ ನಂಬರ್ ಆಗಿದ್ದು ಆನ್‌ಲೈನಿನಲ್ಲಿ ಕಾಣದಿದ್ದರೆ, ಪುಸ್ತಕದ ಆರ್‌ಸಿ ತಗೊಂಡು ಆರ್‌ಟಿಒಗೆ ಹೋಗಿ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯನ್ನ ಕಂಪ್ಯೂಟರಿಗೆ ಸೇರಿಸೋದು) ಕೇಳಿ. ತಗಡಿಗೆ ದುಡ್ಡು ಹಾಕೋಕೆ ಮುಂಚೆ ಇದನ್ನ ತಿಳ್ಕೊಳ್ಳಿ. ನೋಂದಣಿ ರದ್ದಾಗಿದ್ದರೆ ಎಲ್ಲಾ ವ್ಯರ್ಥ. ಸೀಟು ತೆಗೆಯೋದು, ಎಂಜಿನ್ ಬದಲಿಸೋದು, ಬಾಡಿ ಬದಲಾವಣೆ ಇವೆಲ್ಲಾ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೆಳಗೆ ಬರುತ್ತವೆ. ಮೊದಲೇ ಅನುಮತಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಛಾವಣಿ ಕತ್ತರಿಸಿ ಎತ್ತರಿಸೋ ಆಸೆ ಮಾತ್ರ ಬಿಟ್ಟುಬಿಡಿ.

ಶಾಖಕ್ಕೆ ಗ್ಲಾಸ್‌ವೂಲ್ ಬೇಡ, ನೀರು ಹಿಡಿದುಕೊಳ್ಳುತ್ತೆ. ಎಸಿ ಡಕ್ಟಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಫೋಮ್ ತಗಡಿಗೆ ಗಾಳಿ ಉಳಿಯದ ಹಾಗೆ ಅಂಟಿಸಿ. ಪ್ಲೈವುಡ್ ಮೇಲೆ ಐಎಸ್ 710 ಅಂತ ಮುದ್ರೆ ನೋಡಿ ತಗೊಳ್ಳಿ, ಅದು ಮರೀನ್ ಗ್ರೇಡ್. ಕತ್ತರಿಸಿದ ಅಂಚಿಗೆ ಪೇಂಟ್ ಹಚ್ಚಿಸಿ, ಬಡಿಗೇರರು ಅದನ್ನ ಮರೀತಾರೆ. ಫ್ಯಾನು ಲೈಟಿಗೆ ಬೇರೆ ಬ್ಯಾಟರಿ, ಅದರ ಟರ್ಮಿನಲ್ ಪಕ್ಕದಲ್ಲೇ ಫ್ಯೂಸ್. ಗ್ಯಾಸ್ ಒಲೆಯನ್ನ ಹೊರಗಿಟ್ಟು ಅಡುಗೆ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ನಿಲ್ಲುತ್ತೆ, ನಿಮ್ಮ ಹಾಸಿಗೆ ಇರೋದೂ ಅಲ್ಲೇ. ಸಿಲಿಂಡರ್ ಒಳಗಿಡಲೇಬೇಕಾದರೆ ನೆಲದ ಮಟ್ಟದಲ್ಲಿ ಹೊರಗೆ ತೆರೆದ ತೂತು ಇರುವ ಪ್ರತ್ಯೇಕ ಗೂಡು ಮಾಡಿಸಿ.

ಗುಂಪಿನ ಸದಸ್ಯರು (ಮಡಗಾಂವಿನಿಂದ)

ಗೋವಾಕ್ಕೆ ಬರ್ತೀರಿ ಅಂದ್ರಲ್ಲ, ಬೀಚ್ ಪಕ್ಕ ನಿಲ್ಲಿಸಿದರೆ ಮಾರನೇ ದಿನವೇ ಸಿಹಿನೀರಲ್ಲಿ ಅಡಿಭಾಗ ತೊಳೆಯಿರಿ. ಉಪ್ಪು ಗಾಳಿಗೆ ನಮ್ಮ ಗಾಡಿಗಳ ಗತಿ ನೋಡಿದ್ದೀನಿ.

ಮರುಪ್ರಶ್ನೆ (ನಿಗಡಿಯಿಂದ)

ಸರಿ. ಅಣ್ಣಾ, ನಿನ್ನೆ ನೀರಿನ ಪರೀಕ್ಷೆ ಮಾಡಿದೆವು. ಮುಂದಿನ ಗ್ಲಾಸಿನ ಎಡ ಮೂಲೆಯಿಂದ ಚೆನ್ನಾಗಿಯೇ ಬರ್ತಿದೆ. ಸಿಲಿಕೋನ್ ಹಚ್ಚಲಾ? ರಬ್ಬರ್ ಎಲ್ಲಿ ಸಿಗುತ್ತೆ?

ಉತ್ತರ

ಸಿಲಿಕೋನ್ ಬೇಡ, ನೀರು ಒಳಗೇ ಸಿಕ್ಕಿಕೊಳ್ಳುತ್ತೆ. ಹಳೇ ರಬ್ಬರ್ ಬ್ಲೇಡಿನಲ್ಲಿ ಕೊಯ್ದು ಗ್ಲಾಸ್ ಹುಷಾರಾಗಿ ತೆಗೆಯಿರಿ. ಈ ಗ್ಲಾಸ್ ಒಡೆದರೆ ಇನ್ನೊಂದು ಹುಡುಕೋದು ಕಷ್ಟ. ರಬ್ಬರಿನ ಒಂದು ತುಂಡು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ನಾನಾ ಪೇಠೆಯ ಅಂಗಡಿಗಳಲ್ಲಿ ತೋರಿಸಿ. ಮ್ಯಾಟಡೋರ್ ಅಂತ ಹೆಸರು ಹೇಳಿ ಕೇಳಿದರೆ ಇಲ್ಲ ಅಂತಾರೆ. ಅಡ್ಡ ಕತ್ತರಿಸಿದ ಆಕಾರ ಹೊಂದಿದರೆ ಸಾಕು, ಮೀಟರ್ ಲೆಕ್ಕದಲ್ಲಿ ಸಿಗೋದೂ ನಡೆಯುತ್ತೆ. ಬಾಗಿಲ ಹಿಡಿ, ಲ್ಯಾಚು ಇಂಥದ್ದಕ್ಕೆ ಬುಧವಾರ ಅಥವಾ ಭಾನುವಾರ ಪುಣೆಯ ಹಳೇ ಸಾಮಾನಿನ ಸಂತೆ ಜುನಾ ಬಾಜಾರಿಗೆ ಹೋಗಿ ಬನ್ನಿ.

ಕೂರಿಸುವಾಗ ರಬ್ಬರನ್ನ ಮೊದಲು ಗ್ಲಾಸಿಗೆ ಹಾಕಿ. ಬಾಡಿಗೆ ಕೂರುವ ಸಂದಿನಲ್ಲಿ ಸುತ್ತಲೂ ನೈಲಾನ್ ದಾರ ಇಟ್ಟು, ಎರಡೂ ತುದಿ ಕೆಳಗಿನ ಮಧ್ಯದಲ್ಲಿ ಗಾಡಿ ಒಳಗೆ ಬರುವ ಹಾಗೆ ಬಿಡಿ. ಸೋಪಿನ ನೀರು ಸವರಿ. ಹೊರಗಿಂದ ಒಬ್ಬರು ಅಂಗೈಯಲ್ಲಿ ಒತ್ತಿ ಹಿಡಿದರೆ, ಒಳಗಿಂದ ಇನ್ನೊಬ್ಬರು ದಾರ ಎಳೀತಾ ಹೋದ ಹಾಗೆ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಕೂರುತ್ತೆ.

ಆದರೆ ಗ್ಲಾಸ್ ತೆಗೆದ ಮೇಲೆ ಆ ಎಡ ಮೂಲೆಯ ತಗಡಿನ ಫೋಟೊ ಇಲ್ಲಿ ಹಾಕಿ. ಉಜ್ಜಿದರೆ ಸಾಕೋ, ಕತ್ತರಿಸಬೇಕೋ ನೋಡಿ ಹೇಳ್ತೇನೆ. ರಬ್ಬರ್ ಆಮೇಲೆ ತಗೊಂಡರಾಯ್ತು.