ಮಂಗನ ಕಾಯಿಲೆಯ ಸುತ್ತ ವಿಜ್ಞಾನದ ಥ್ರಿಲ್ಲರ್: ಸಾಮಾಜಿಕ ಕಾದಂಬರಿ ಬರೆದವನು ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆ: ಅಡಕೆಚಪ್ಪರ (ಸಾಗರ)

ಎಲ್ಲರಿಗೂ ನಮಸ್ಕಾರ. ನಾನು ಈವರೆಗೆ ಎರಡು ಕಾದಂಬರಿಗಳನ್ನು ಬರೆದಿದ್ದೇನೆ. ಎರಡೂ ಅಡಕೆ ತೋಟ, ಹಿಸ್ಸೆಯ ಜಗಳ, ಊರು ಬಿಟ್ಟುಹೋದ ಮಕ್ಕಳು, ಇವುಗಳ ಸುತ್ತಲೇ ತಿರುಗಿದವು. ಮೂರನೆಯದನ್ನು ವಿಜ್ಞಾನದ ಥ್ರಿಲ್ಲರ್ ಆಗಿ ಬರೆಯಬೇಕೆಂಬ ಆಸೆಯಿಂದ ನೂರನಲವತ್ತು ಪುಟ ಬರೆದು ನಿಂತಿದ್ದೇನೆ. ಕಥೆ ಇಷ್ಟು: ನಮ್ಮ ಕಡೆಯ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸಾಯುತ್ತವೆ, ಮಂಗನ ಕಾಯಿಲೆಯ ವೈರಸ್ ರೂಪ ಬದಲಿಸಿ ಮನುಷ್ಯರಿಂದ ಮನುಷ್ಯರಿಗೆ ಹರಡತೊಡಗುತ್ತದೆ, ಜ್ವರ ಹತ್ತಿದವನೊಬ್ಬ ಬೆಂಗಳೂರಿನ ರಾತ್ರಿ ಬಸ್ಸು ಹತ್ತುತ್ತಾನೆ, ಇದರ ಹಿಂದೆ ಒಂದು ವಿದೇಶಿ ಔಷಧ ಕಂಪನಿಯ ಕೈವಾಡವಿರುತ್ತದೆ. ಓದಿದ ಗೆಳೆಯನೊಬ್ಬ, "ಮೊದಲ ಮೂವತ್ತು ಪುಟ ಪಾಠ, ಉಳಿದದ್ದೆಲ್ಲ ಸಿನಿಮಾ" ಎಂದು ಹೇಳಿ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟು ಹೋದ. ಅವನ ಮಾತಿನಲ್ಲಿ ಸತ್ಯವಿದೆ ಎಂಬುದೇ ನನ್ನ ಸಂಕಟ. ನಾನು ಓದಿದ್ದು ಬಿ.ಕಾಂ. ವಿಜ್ಞಾನದ ಪದವಿಯಿಲ್ಲದವನು ಇಂಥದ್ದಕ್ಕೆ ಕೈಹಾಕಬಹುದೆ? ಹಾಕಿದರೆ ವಿಜ್ಞಾನವನ್ನು ಎಷ್ಟು ಹೇಳಬೇಕು, ಯಾವ ಕನ್ನಡದಲ್ಲಿ ಹೇಳಬೇಕು? ಈ ದಾರಿಯಲ್ಲಿ ನಡೆದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕಾಡಂಚು (ಸೊರಬ)

ನಾನು ಸಾಹಿತಿಯಲ್ಲ; ಆರೋಗ್ಯ ಇಲಾಖೆಯ ಕ್ಷೇತ್ರ ಕೆಲಸದಲ್ಲಿ ಬಹಳ ವರ್ಷ ಕಾಡು ಸುತ್ತಿ ನಿವೃತ್ತನಾದವನು. ನಿಮ್ಮ ಕಥೆಯನ್ನು ಓದುತ್ತಿದ್ದಂತೆ ನನಗೆ ಅನ್ನಿಸಿದ್ದು, ನೀವು ಕೈಯಲ್ಲಿರುವ ಚಿನ್ನವನ್ನು ಬಿಟ್ಟು ಗಿಲೀಟಿನ ಹಿಂದೆ ಹೋಗಿದ್ದೀರಿ ಎಂದು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹೆಚ್ಚಾಗಿ ಉಣುಗು (ರಕ್ತ ಹೀರುವ ಸಣ್ಣ ಉಣ್ಣೆಹುಳ) ಕಚ್ಚಿಯೇ ಬರುವುದು. ನಿಮ್ಮ ರೋಗಿ ಬಸ್ಸು ಹತ್ತಿದ ಕೂಡಲೇ ಮಲೆನಾಡಿನ ಓದುಗ ಪುಸ್ತಕ ಮುಚ್ಚುತ್ತಾನೆ, ಏಕೆಂದರೆ ಅವನ ಮನೆಯಲ್ಲೇ ಒಬ್ಬರಿಗೆ ಈ ಜ್ವರ ಬಂದು ಉಳಿದವರು ಅವರ ಪಕ್ಕದಲ್ಲೇ ಕೂತು ಗಂಜಿ ಕುಡಿಸಿರುತ್ತಾರೆ.

1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪುಣೆಯಿಂದ ಬಂದ ವಿಜ್ಞಾನಿಗಳ ಮೊದಲ ಸಂಶಯ ಹಳದಿ ಜ್ವರದ ಮೇಲಿತ್ತು, ಏಕೆಂದರೆ ಅದೂ ಮಂಗಗಳನ್ನು ಕೊಲ್ಲುವ ಕಾಯಿಲೆ; ಆದರೆ ಅದು ಅಲ್ಲಿಯವರೆಗೆ ಭಾರತಕ್ಕೆ ಕಾಲಿಟ್ಟಿರಲಿಲ್ಲ. ಪ್ರತ್ಯೇಕಿಸಿ ನೋಡಿದರೆ ವೈರಸ್ಸು ರಷ್ಯಾ ಕಡೆಯ ಉಣುಗು ಜ್ವರದ ವೈರಸ್ಸುಗಳಿಗೆ ಹತ್ತಿರದ ಸಂಬಂಧಿ. ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳು ತಂದಿರಬಹುದೆಂಬ ಊಹೆಯೂ ಆಗ ಎದ್ದಿತು. ಇಷ್ಟು ಸಾಲದೆ ನಿಮಗೆ? ವಿದೇಶಿ ಕಂಪನಿ ಯಾಕೆ ಬೇಕು?

ಇನ್ನು ಉಣುಗಿನ ವಿಷಯ. ಮೊಟ್ಟೆಯೊಡೆದು ಬಂದ ಮರಿಗೆ ಕಾಲು ಆರು. ಒಮ್ಮೆ ರಕ್ತ ಕುಡಿದು ಪೊರೆ ಕಳಚಿದ ಮೇಲೆ ಎಂಟು. ಆ ಎಂಟು ಕಾಲಿನ ಎಳೆಯ ಹಂತವೇ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು, ಗಾತ್ರ ಸಾಸಿವೆ ಕಾಳಿಗಿಂತ ಸಣ್ಣದು. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಗಿನ (ಕಾಡಿನಲ್ಲಿ ಉದುರಿದ ಒಣ ಎಲೆಗಳ) ಮೇಲೆ ಎಳೆದು, ತಿರುಗಿಸಿ ಹಿಡಿದಾಗ, ಮೊದಲು ಏನೂ ಕಾಣುವುದಿಲ್ಲ. ಬೆಳಕಿಗೆ ಓರೆಮಾಡಿದರೆ ಬಟ್ಟೆಯ ನೂಲಿನ ಮೇಲೆ ಕಂದು ಚುಕ್ಕೆಗಳು ನಿಧಾನವಾಗಿ ನಡೆಯುತ್ತಿರುತ್ತವೆ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗುಗಳು ಆ ಜಾಗದಲ್ಲೇ ಉದುರಿ ಕಾಯುತ್ತವೆ, ಆದ್ದರಿಂದಲೇ ಅಲ್ಲಿ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುವುದು. ಹೆಣವನ್ನು ನೋಡಿಯೂ ಯಾರಿಗೂ ತಿಳಿಸದೆ ದರಗು ಹೊತ್ತು ಮನೆಗೆ ಬರುವ ಒಬ್ಬ ಹೆಂಗಸು ಸಿಕ್ಕರೆ ನಿಮ್ಮ ಮೊದಲ ಅಧ್ಯಾಯ ಸಿಕ್ಕ ಹಾಗೆ.

ಉತ್ತರ: ಮಳೆಕತ್ತಲು (ತೀರ್ಥಹಳ್ಳಿ)

ಮೇಲಿನವರು ಸತ್ವವನ್ನು ಕೊಟ್ಟಿದ್ದಾರೆ. ನಾನು ಬರವಣಿಗೆಯ ಕಡೆಯಿಂದ ಹೇಳುತ್ತೇನೆ. ನಾನೂ ಕೌಟುಂಬಿಕ ಕಥೆಗಳಿಂದಲೇ ಈ ಕಡೆ ಬಂದವಳು. ನನ್ನ ಮೊದಲ ಪ್ರಯತ್ನ ಕಂಪ್ಯೂಟರಿಗೆ ಬುದ್ಧಿ ಬರುವ ಕಥೆ. ಅದನ್ನು ಒಬ್ಬ ಪ್ರಕಾಶಕರು ಎಂಟು ತಿಂಗಳು ಇಟ್ಟುಕೊಂಡು, ಒಂದು ಸಾಲಿನ ಉತ್ತರವನ್ನೂ ಬರೆಯದೆ ಹಿಂದಿರುಗಿಸಿದರು. ಸಿಟ್ಟು ಇಳಿದ ಮೇಲೆ ನಾನೇ ಓದಿ ನೋಡಿದೆ: ಮುನ್ನೂರು ಪುಟದಲ್ಲಿ ನನಗೆ ನಿಜವಾಗಿ ಗೊತ್ತಿದ್ದ ಒಂದೇ ಒಂದು ಸಂಗತಿಯೂ ಇರಲಿಲ್ಲ.

ಪದವಿಯ ಪ್ರಶ್ನೆಗೆ ಬರೋಣ. ಈ ಪ್ರಕಾರದಲ್ಲಿ ವಿಜ್ಞಾನ ಕಲಿತವರು ಬಹಳಿದ್ದಾರೆ ಎಂಬುದು ನಿಜ. ನಮ್ಮಲ್ಲೇ ಕೆ.ಎನ್. ಗಣೇಶಯ್ಯನವರು ಕೃಷಿ ವಿಜ್ಞಾನಿಯಾಗಿದ್ದು ರೋಚಕ ಕಥೆಗಳಿಗೆ ಬಂದವರು, ಕಥೆಯ ಜೊತೆಗೇ ಆಧಾರಗಳನ್ನೂ ಕೊಡುವವರು. ಆದರೆ ನನಗೆ ಹೆಚ್ಚು ಕಲಿಸಿದ್ದು ಅಮೆರಿಕದ ವೈದ್ಯ ರಾಬಿನ್ ಕುಕ್ ಅವರ ಉದಾಹರಣೆ. ಅವರು ವೈದ್ಯಕೀಯ ಓದಿದ್ದರೂ 1972ರ ಮೊದಲ ಕಾದಂಬರಿ ಗೆಲ್ಲಲಿಲ್ಲ. ಆಮೇಲೆ ಜನ ಮುಗಿಬಿದ್ದು ಓದುವ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು, ಓದುಗನನ್ನು ಅವು ಹೇಗೆ ಹಿಡಿದಿಡುತ್ತವೆಂದು ಬಿಡಿಸಿ ನೋಡಿ, 1977ರಲ್ಲಿ ಆಸ್ಪತ್ರೆಯೊಳಗಿನ ಥ್ರಿಲ್ಲರ್ ಬರೆದು ಗೆದ್ದರು. ಅಂದರೆ ವೈದ್ಯನೂ ಕಥೆ ಕಟ್ಟುವುದನ್ನು ಬೇರೆಯಾಗಿಯೇ ಕಲಿಯಬೇಕಾಯಿತು. ನಿಮಗೆ ಆ ಅರ್ಧ ಆಗಲೇ ಗೊತ್ತಿದೆ, ಹಿಸ್ಸೆಯ ಜಗಳ ಬರೆದವನಿಗೆ ಒಂದು ಮನೆಯೊಳಗೆ ಯಾರು ಯಾರಿಂದ ಏನನ್ನು ಮುಚ್ಚಿಡುತ್ತಾರೆಂಬುದು ತಿಳಿದೇ ಇರುತ್ತದೆ. ಥ್ರಿಲ್ಲರಿನ ಮುಕ್ಕಾಲು ಭಾಗ ಅದೇ.

ನನ್ನ ಅನುಭವದಲ್ಲಿ ಕುತೂಹಲ ಹುಟ್ಟುವುದು ಕಲ್ಪನೆಯಿಂದಲ್ಲ, ಕಾಯುವ ಅವಧಿಗಳಿಂದ. ಉಣುಗು ಕಚ್ಚಿ ಜ್ವರ ಕಾಣಿಸಿಕೊಳ್ಳಲು ಮೂರರಿಂದ ಎಂಟು ದಿನ ಬೇಕು. ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಫಲಿಸುವುದು ಜ್ವರದ ಮೊದಲ ದಿನಗಳಲ್ಲಿ; ತಡವಾದರೆ ವೈರಸ್ಸಿನ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯಗಳನ್ನು ಹುಡುಕಬೇಕು, ಅವು ಮೂಡಲು ಮತ್ತೆ ಕಾಯಬೇಕು. ಈ ಎರಡರ ನಡುವಿನ ಸಂದಿಯಲ್ಲಿ ಮಾದರಿ ತೆಗೆದರೆ ವರದಿ ನೆಗೆಟಿವ್ ಎಂದು ಬಂದೀತು, ರೋಗಿ ಮಾತ್ರ ಒಳಗೊಳಗೇ ಇಳಿಯುತ್ತಿರುತ್ತಾನೆ. ಇನ್ನೂ ಒಂದಿದೆ: ಕೆಲವರಲ್ಲಿ ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರ ಆರಾಮಾಗಿ ಓಡಾಡಿದ ಮೇಲೆ ಮರುಕಳಿಸಿ, ತಲೆನೋವು, ನಡುಕ, ಮನಸ್ಸಿನ ಗೊಂದಲಗಳೊಂದಿಗೆ ಬರುತ್ತದೆ. ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ, ನಿರ್ದಿಷ್ಟ ಔಷಧವಿಲ್ಲ. ನಾನಾದರೆ ಗೋಡೆಗೆ ಒಂದು ಕ್ಯಾಲೆಂಡರ್ ಹೊಡೆದು, ಪ್ರತಿ ಪಾತ್ರ ಯಾವ ದಿನ ಕಾಡಿಗೆ ಹೋಯಿತು, ಯಾವ ದಿನ ಮೈ ಬಿಸಿಯಾಯಿತು, ವರದಿ ಯಾವ ದಿನ ಬಂತು ಎಂದು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಕಥೆ ಅಲ್ಲಿಂದಲೇ ಎದ್ದು ಬರುತ್ತದೆ.

ಸುಳ್ಳು ಹೇಳಲೇಬೇಕು, ಇಲ್ಲವಾದರೆ ಅದು ವೈಜ್ಞಾನಿಕ ಕಥೆಯಾಗುವುದಿಲ್ಲ. ಆದರೆ ಒಂದೇ ಸುಳ್ಳು ಸಾಕು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಬರುವ ಕಾಯಿಲೆ ಒಂದು ವರ್ಷ ಆಗುಂಬೆಯ ಜಡಿಮಳೆಯ ನಡುವೆ, ಜುಲೈಯಲ್ಲಿ ಕಾಣಿಸಿಕೊಂಡಿತು ಎನ್ನಿ; ಉಳಿದದ್ದೆಲ್ಲ ನಿಜದ ನಿಯಮಕ್ಕೆ ತಕ್ಕಂತೆ ನಡೆಯಲಿ. ಓದುಗ ನಿಮ್ಮನ್ನು ನಂಬುತ್ತಾನೆ. ಇಲ್ಲಿ ಪಾಠ ಹೇಳುವ ಪಾತ್ರವೂ ಬೇಡ. ಬಿಳಿ ಕೋಟಿನವನು ಎರಡು ಪುಟ ಮಾತಾಡುವ ಬದಲು, ಆಶಾ ಕಾರ್ಯಕರ್ತೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗು ದೂರವಿಡುವ ಡೇಪಾ ಎಣ್ಣೆ ಸವರಿಕೊಳ್ಳಿ ಎಂದು ಹೇಳಿ, ಅಜ್ಜಿ ಅದರ ವಾಸನೆಗೆ ಮುಖ ತಿರುಗಿಸಿದರೆ ವಿಜ್ಞಾನವೂ ಬಂತು, ಮನೆಯೂ ಬಂತು.

ಉತ್ತರ: ಪದಕಾಡು (ಶಿವಮೊಗ್ಗ)

ಭಾಷೆಯ ಬಗ್ಗೆ ಮಾತ್ರ. ವೈರಸ್ಸಿಗೆ ವಿಷಾಣು, ಸ್ಯಾಂಪಲ್ಲಿಗೆ ಮಾದರಿ ಎಂದು ಎಲ್ಲರ ಬಾಯಲ್ಲೂ ಒಂದೇ ಕನ್ನಡ ಆಡಿಸಬೇಡಿ. ಲ್ಯಾಬಿನ ಹುಡುಗ "ಸ್ಯಾಂಪಲ್ ಐಸ್ ಬಾಕ್ಸಲ್ಲಿ ಹಾಕಿದ್ರಾ" ಎಂದೇ ಕೇಳುತ್ತಾನೆ. ನಿರೂಪಕ ಮಾದರಿ ಎಂದು ಬರೆದರೆ ಸಾಕು. ಇನ್ನೊಂದು, ಘಟ್ಟದ ಹೊರಗಿನ ಓದುಗರಲ್ಲಿ ಕೆಲವರು ಮಂಗನ ಕಾಯಿಲೆಯನ್ನೂ ಕೆನ್ನೆ ಊದುವ ಮಂಗನಬಾವನ್ನೂ ಒಂದೇ ಎಂದು ತಿಳಿಯುತ್ತಾರೆ. ಈ ಗೊಂದಲವನ್ನು ಅಡಿಟಿಪ್ಪಣಿಯಲ್ಲಿ ತಿದ್ದುವ ಬದಲು ಬೆಂಗಳೂರಿನಿಂದ ಬಂದ ಒಂದು ಪಾತ್ರಕ್ಕೇ ಕೊಟ್ಟುಬಿಡಿ. ಫೋನಿನಲ್ಲಿ "ಮಂಗನಬಾವೇನೋ ಅಂತೆ, ಗಾಬರಿ ಬೇಡ" ಎಂದು ಅವನು ಮನೆಯವರಿಗೆ ಹೇಳುವಾಗ ಓದುಗನ ಎದೆ ಝಲ್ಲೆನ್ನಬೇಕು.

ಉತ್ತರ: ಹಿನ್ನೀರು (ತುಮರಿ)

ಮಳೆಕತ್ತಲು ಅವರ ಜುಲೈ ತಿಂಗಳ ಸಲಹೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಳೆಗಾಲದಲ್ಲಿ ದರಗು ತರಲು ಯಾರೂ ಕಾಡಿಗೆ ಹೋಗುವುದಿಲ್ಲ, ಆಗ ಕಾಯಿಲೆ ಜನರನ್ನು ಮುಟ್ಟುವ ದಾರಿಯನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ, ಅದು ಎರಡನೆಯ ಸುಳ್ಳಾಗುತ್ತದೆ. ನನ್ನ ಆಯ್ಕೆ ಬೇಸಿಗೆಯೇ. ಶರಾವತಿಯ ಹಿನ್ನೀರು ದಾಟಲು ನಮ್ಮ ತುಮರಿಯ ಕಡೆಗೆ ಸೇತುವೆಯಾಗಿದ್ದು 2025ರ ಜುಲೈಯಲ್ಲಿ. ಅದಕ್ಕೂ ಮುಂಚೆ ಸಂಜೆಯ ಕೊನೆಯ ಲಾಂಚು ಹೊರಟುಹೋದರೆ ನಾವು ಈ ದಡದವರು ರಾತ್ರಿಯಿಡೀ ಈ ದಡದವರೇ. ಸಾಗರದ ಆಸ್ಪತ್ರೆಯ ದಿಕ್ಕು ಕಣ್ಣಿಗೆ ಕಾಣುತ್ತಿದ್ದರೂ ನಡುವೆ ಶರಾವತಿಯ ನೀರು. ಕಾದಂಬರಿಯ ಕಾಲವನ್ನು ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಎದ್ದ 2019ರ ಸುತ್ತ ಇಟ್ಟರೆ ನಿಮಗೆ ಆ ನೀರು ಸಿಗುತ್ತದೆ.

ಪ್ರಶ್ನೆ ಕೇಳಿದವರು: ಅಡಕೆಚಪ್ಪರ

ಎಲ್ಲರಿಗೂ ಧನ್ಯವಾದಗಳು. ವಿದೇಶಿ ಕಂಪನಿಯನ್ನೂ ರಾತ್ರಿ ಬಸ್ಸನ್ನೂ ತೆಗೆದುಹಾಕಿದೆ. ನೂರನಲವತ್ತರಲ್ಲಿ ಉಳಿದದ್ದು ಇಪ್ಪತ್ತೆರಡು ಪುಟ, ಅವೂ ಅತ್ತೆ ಸೊಸೆಯರ ದೃಶ್ಯಗಳು. ತಿಂಗಳನ್ನು ಸದ್ಯ ಫೆಬ್ರವರಿ ಎಂದಿಟ್ಟುಕೊಂಡಿದ್ದೇನೆ. ಕ್ಯಾಲೆಂಡರ್ ತಂದು ಅಡುಗೆಮನೆಯ ಪಕ್ಕದ ಗೋಡೆಗೆ ಹೊಡೆದೆ. ಸೊಸೆ ಮಂಗನ ಹೆಣ ನೋಡಿದ ದಿನ ಐದನೇ ತಾರೀಖು; ಅವಳು ಅದನ್ನು ಅತ್ತೆಗೆ ಯಾಕೆ ಹೇಳಲಿಲ್ಲ ಎಂಬುದು ಇನ್ನೂ ಹೊಳೆದಿಲ್ಲ. ಕಾಡಂಚು ಅವರೇ, ಒಂದು ಸಂದೇಹ: ದರಗಿನ ಹೊರೆಯಲ್ಲಿ ಕೊಟ್ಟಿಗೆಗೆ ಬಂದ ಉಣುಗು ಅಲ್ಲಿ ಎಷ್ಟು ದಿನ ಬದುಕೀತು?