ರಾತ್ರಿಯಿಡೀ ಕೂಗುವ ಬೆಕ್ಕು, ಏನು ಮಾಡಿದರೂ ನಿಲ್ಲುತ್ತಿಲ್ಲ

ಬೂದಿಮನೆ:
ನಮ್ಮ ಚಿನ್ನಿ ನಡುರಾತ್ರಿ ಶುರು ಮಾಡಿದರೆ ಬೆಳಗಿನವರೆಗೂ ಕೂಗುತ್ತಾಳೆ. ಮಿಯಾಂವ್ ಅಲ್ಲ, ಉದ್ದಕ್ಕೆ ಊಳಿಡುವುದು. ಫುಡ್ ಬದಲಿಸಿದ್ದಾಯಿತು, ಟ್ರೇಗೆ ಹಾಕುವ ಮರಳು (ಲಿಟರ್) ಬದಲಿಸಿದ್ದಾಯಿತು, ಬೈದದ್ದೂ ಆಯಿತು. ಈಗ ಟ್ರೇ ಬಿಟ್ಟು ಕಾಲೊರಸಿನ ಮೇಲೆ ಉಚ್ಚೆ ಬೇರೆ. ಕೆಳಗಿನ ಮನೆಯವರು ಓನರ್‌ಗೆ ದೂರು ಕೊಟ್ಟಿದ್ದಾರೆ. ಔಷಧಿ ಇದ್ದರೆ ಹೇಳಿ, ನಿದ್ದೆಗೆಟ್ಟು ಸಾಕಾಗಿದೆ.

ಮೀಸೆಮಾವ:
ಹೀಟಿಗೆ ಬಂದಿದೆ. ಆಪರೇಷನ್ ಮಾಡಿಸಿ.

ಬೂದಿಮನೆ:
ಆಪರೇಷನ್ ಯಾವಾಗಲೋ ಆಗಿದೆ ಸರ್.

ಮೀಸೆಮಾವ:
ಅಂಡಾಶಯದ ಚೂರು ಒಳಗೇ ಉಳಿದಿದ್ದರೂ ಹೀಟಿಗೆ ಬರುತ್ತೆ. ಸ್ಕ್ಯಾನ್ ಮಾಡಿಸಿ.

ಕಾಫಿತೋಟ:
ವಯಸ್ಸೆಷ್ಟು? ಅದನ್ನೇ ಬರೆದಿಲ್ಲವಲ್ಲ.

ಬೂದಿಮನೆ:
ಮಗಳನ್ನು ಯುಕೆಜಿಗೆ ಸೇರಿಸಿದ ವರ್ಷ ತಂದದ್ದು. ಮಗಳು ಈಗ ಇಂಜಿನಿಯರಿಂಗ್ ಮೂರನೇ ವರ್ಷ.

ಕಾಫಿತೋಟ:
ಅಯ್ಯೋ, ಹಾಗಾದರೆ ಹದಿನೈದರ ಹತ್ತಿರ ಬಂತು! ತೂಕ ಇಳಿದಿದೆಯಾ? ನೀರು ಜಾಸ್ತಿ ಕುಡಿಯುತ್ತಾಳಾ? ದಾರಿ ತಪ್ಪಿದವಳ ಥರ ಎಲ್ಲಾದರೂ ನಿಲ್ಲುತ್ತಾಳಾ?

ಬೂದಿಮನೆ:
ನಿಲ್ಲುತ್ತಾಳೆ. ಬಾಲ್ಕನಿ ಬಾಗಿಲು ತೆಗೆಯಲಿ ಅಂತ ಚಿಲಕದ ಕಡೆ ಬಿಟ್ಟು ಕೀಲಿನ ಕಡೆ ಮೂತಿ ಇಟ್ಟುಕೊಂಡು ಕಾಯುತ್ತಾಳೆ. ತೆಗೆದರೂ ಅಲ್ಲೇ. ಫ್ರಿಜ್ ಸಂದಿಗೆ ಹೋದರೆ ಹಿಂದಕ್ಕೆ ಬರಲು ಗೊತ್ತಾಗುವುದಿಲ್ಲ, ಎತ್ತಿಕೊಂಡೇ ಬರಬೇಕು. ತಿಂದು ಮುಗಿಸಿದ ತಕ್ಷಣ ಊಟ ಹಾಕಿಲ್ಲ ಅಂತ ಜಗಳ. ತೂಕ, ನೀರು ನೋಡಿಲ್ಲ.

ಕಾಫಿತೋಟ:
ಮರೆವಿನ ಕಾಯಿಲೆ ಅನಿಸುತ್ತಿದೆ. ಬೆಕ್ಕಿಗೂ ಬರುತ್ತದೆ. ಆಲ್ಜೈಮರ್ ಆದವರ ಮಿದುಳಲ್ಲಿ ಕಾಣುವ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಮುದಿ ಬೆಕ್ಕುಗಳ ಮಿದುಳಲ್ಲೂ ಸಿಕ್ಕಿದೆ. ಆದರೆ ಅದಕ್ಕೇ ಅಂತ ರಕ್ತಪರೀಕ್ಷೆ ಇಲ್ಲ. ಬೇರೆ ಯಾವುದೂ ಅಲ್ಲ ಅಂತ ಆದ ಮೇಲೆ ಇದು. ಮೊದಲು ಥೈರಾಯ್ಡ್, ಕಿಡ್ನಿ, ಬಿಪಿ, ಕೀಲುನೋವು, ಕಿವಿ-ಕಣ್ಣು ನೋಡಿಸಿ. ಬಿಪಿ ನೀವೇ ಬಾಯಿಬಿಟ್ಟು ಕೇಳಿ. ಏರಿದರೆ ರೆಟಿನಾ ಕಳಚಿ ಒಂದೇ ರಾತ್ರಿಯಲ್ಲಿ ಕಣ್ಣು ಹೋಗಬಹುದು.

ಮೀಸೆಮಾವ:
ಟ್ರೇ ಬಿಟ್ಟು ಉಚ್ಚೆ ಅಂದರೆ ಹಾರ್ಮೋನೇ.

ಮೀನುಸಾರು:
ಎಲ್ಲಾ ಡ್ರೈ ಫುಡ್ ತಂದ ಕಾಯಿಲೆ. ನಮ್ಮಜ್ಜಿ ಅನ್ನ, ಬೂತಾಯಿ ತಲೆ ಹಾಕಿಯೇ ಹದಿನೆಂಟು ವರ್ಷ ಸಾಕಿದ್ದರು.

ಕಾಫಿತೋಟ:
ಅಜ್ಜಿಯ ಮಿಕ್ಕ ಬೆಕ್ಕುಗಳು ಎಷ್ಟು ವರ್ಷ ಬದುಕಿದ್ದವು?

ಮೀನುಸಾರು:
ಅಜ್ಜಿ ಸುದ್ದಿಗೆ ಬರಬೇಡಿ.

ವೈರುಗಾರ:
ನಾನು ನೈಟ್ ವಿಷನ್ ಕ್ಯಾಮೆರಾ, ಟೈಮರ್ ಫೀಡರ್, ಸೆನ್ಸರ್ ಲೈಟು ಎಲ್ಲವನ್ನೂ ಹೋಮ್ ಅಸಿಸ್ಟೆಂಟ್ ಅನ್ನೋ ಸಾಫ್ಟ್‌ವೇರ್‌ಗೆ ಜೋಡಿಸಿದ್ದೇನೆ. ಟ್ರೇ ಕೆಳಗೆ ತೂಕ ಅಳೆಯುವ ಲೋಡ್ ಸೆಲ್ ಇದೆ. ಬೆಕ್ಕು ಹತ್ತಿದ ಸಲವೆಲ್ಲ ತೂಕ ಗ್ರಾಫಿಗೆ ಬೀಳುತ್ತದೆ. ಫೋಟೋ ಹಾಕಲಾ?

ಸೋಲ್ಡರ್‌ಸೋಮ:
ಹಾಕಿ ಗುರು! ಸೆಲ್ ರೀಡಿಂಗ್ ತೆಗೆಯೋಕೆ ಎಚ್‌ಎಕ್ಸ್711 ಬೋರ್ಡಾ? ಎಷ್ಟು ಕೆಜಿ ಸೆಲ್?

ಬೂದಿಮನೆ:
ನನ್ನ ಬೆಕ್ಕಿನ ಕಡೆ ಸ್ವಲ್ಪ ಬರ್ತೀರಾ? ನಾಯಿಗಳ ಮರೆವಿಗೆ ಅಂತ ಒಂದು ಸಪ್ಲಿಮೆಂಟ್ ಅಂಗಡಿಯಲ್ಲಿ ಕೊಟ್ಟರು. ಅರ್ಧ ಕೊಡಲಾ?

ಕಾಫಿತೋಟ:
ಬೇಡವೇ ಬೇಡ! ನಾಯಿದರಲ್ಲಿ ಆಲ್ಫಾ ಲಿಪೋಯಿಕ್ ಆಸಿಡ್ ಇರಬಹುದು, ಬೆಕ್ಕಿಗೆ ಅದು ವಿಷ. ನೋವು ಅಂತ ಪ್ಯಾರಾಸಿಟಮಾಲ್ ಕೊಟ್ಟೀರಿ, ಒಂದೇ ಮಾತ್ರೆಗೆ ಜೀವ ಹೋಗುತ್ತದೆ. ಸದ್ಯಕ್ಕೆ ಹಳೇ ಲಿಟರನ್ನೇ ವಾಪಸ್ ಹಾಕಿ. ಅವಳು ಮಲಗುವ ಕಡೆ ಅಂಚು ತಗ್ಗಿರುವ ಇನ್ನೊಂದು ಟ್ರೇ ಇಡಿ, ಗಂಟು ನೋಯುವ ಬೆಕ್ಕಿಗೆ ಎತ್ತರ ದಾಟಲು ಕಷ್ಟ. ರಾತ್ರಿ ಜೀರೋ ಬಲ್ಬ್ ಹಾಕಿಡಿ. ಸೋಫಾ, ಟೇಬಲ್ ಜರುಗಿಸಬೇಡಿ. ಬೈಯುವುದು ಪೂರ್ತಿ ಬಂದ್.

ಮೀಸೆಮಾವ:
ಸ್ಕ್ಯಾನ್ ಆಯ್ತಾ?

ಬೂದಿಮನೆ:
ಡಾಕ್ಟರ್ ಬಾಲದ ಬುಡಕ್ಕೆ ಸಣ್ಣ ಪಟ್ಟಿ ಕಟ್ಟಿ ಬಿಪಿ ನೋಡಿದರು. ಹೆದರಿಕೆಗೂ ಏರುತ್ತದೆ ಅಂತ ಮೊದಲನೆಯ ರೀಡಿಂಗ್ ಬಿಟ್ಟು ಮತ್ತೆ ಮತ್ತೆ ನೋಡಿದರು. ಆದರೂ 190! ಥೈರಾಯ್ಡ್ ಸರಿ ಇದೆ, ಕಿಡ್ನಿ ಸ್ವಲ್ಪ ವೀಕು. ಬಿಪಿ ಇಳಿಯಲು ಅಮ್ಲೋಡಿಪಿನ್ ಕೊಟ್ಟಿದ್ದಾರೆ, ಮನುಷ್ಯರ ಮಾತ್ರೆಯದೇ ಚೂರು. ಕೂಗು ಕಡಿಮೆ ಆಗಿದೆ, ಟ್ರೇಗೂ ಹೋಗುತ್ತಿದ್ದಾಳೆ. ಫ್ರಿಜ್ ಸಂದಿಯ ಕಥೆ ಮಾತ್ರ ಹಾಗೇ ಇದೆ. ಅದಕ್ಕೇನು ಮಾಡುವುದು?

ಕಾಫಿತೋಟ:
ಬಿಪಿ ಇಳಿದ ಮೇಲೂ ಉಳಿದರೆ ಅದು ಮರೆವಿನ ಪಾಲು. ಪೂರ್ತಿ ಗುಣ ಆಗುವುದಿಲ್ಲ. ಸಂದಿಗೆ ರಟ್ಟು ಅಡ್ಡ ಇಡಿ. ಸೆಲಿಜಿಲಿನ್ ಅಂತ ನಾಯಿಗಳ ಮರೆವಿಗೆ ಕೊಡುವ ಮಾತ್ರೆ ಇದೆ. ಕೆಲವು ಡಾಕ್ಟರು ಬೆಕ್ಕಿಗೂ ಬರೆಯುತ್ತಾರೆ. ಕೇಳಿ ನೋಡಿ, ನೀವೇ ತಂದು ಕೊಡಬೇಡಿ. ಬಿಪಿ ಮರುಪರೀಕ್ಷೆಗೆ ಯಾವಾಗ ಬರಲು ಹೇಳಿದ್ದಾರೆ?

ವೈರುಗಾರ:
ಎಚ್‌ಎಕ್ಸ್711ದೇ. 5 ಕೆಜಿ ಸೆಲ್ ಸಾಲದು, ಟ್ರೇ, ಮರಳು, ಬೆಕ್ಕು ಸೇರಿದರೆ ದಾಟುತ್ತದೆ. 20 ಕೆಜಿದು ತಗೊಳ್ಳಿ. ಫೋಟೋಗೆ ಬೇರೆ ಥ್ರೆಡ್ ತೆಗೆದಿದ್ದೇನೆ, ಅಲ್ಲಿಗೆ ಬನ್ನಿ.